ಬಣ್ಣದ ಹಳ್ಳ, ಆಪಿನ ಮಡಿ, ಉಳಿದ ಕೆಸರು: ರಬಕವಿ-ಬನಹಟ್ಟಿ ಬದಿಯ ಒಂದು ಹೊಲದ ಪ್ರಕರಣ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಸುತ್ತಿನಲ್ಲಿ ಕೃಷ್ಣೆಯತ್ತ ಇಳಿಯುವ ಸಣ್ಣ ಹಳ್ಳಗಳಿವೆ. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಇವುಗಳಲ್ಲಿ ಹರಿಯುವುದು ಊರಿನ ಬಚ್ಚಲು ನೀರು. ನೇಕಾರಿಕೆಯ ಊರಾದ್ದರಿಂದ ಕೆಲವು ಹಳ್ಳಗಳಿಗೆ ನೂಲಿಗೆ ಬಣ್ಣ ಹಾಕುವ ಮನೆಗಳ ನೀರೂ ಸೇರುತ್ತದೆ. ಒಂದು ದಿನ ಕೆಂಪು, ಇನ್ನೊಂದು ದಿನ ನವಿಲು ನೀಲಿ. ಈ ಬರಹ ಅಂಥ ಒಂದು ಹಳ್ಳದ ದಂಡೆಯ ಮೂರು ಎಕರೆ ಎರೆ ಹೊಲದ ಕುರಿತದ್ದು. ಅಲ್ಲಿ ಆಪು (ನಿಂತ ನೀರಿನಲ್ಲಿ ಎತ್ತರಕ್ಕೆ ಬೆಳೆಯುವ ಜೊಂಡಿನಂಥ ಗಿಡ) ನೆಟ್ಟ ಮಡಿಗಳಿಂದ, ಎಂದರೆ ಕೃತಕ ಜೌಗುಭೂಮಿಯಿಂದ, ಹಳ್ಳದ ನೀರಿನ ಲೋಹವನ್ನು ತೆಗೆಯಲು ನೋಡಿದೆವು. ಕುಟುಂಬದ ಹೆಸರು, ಹಳ್ಳದ ಹೆಸರು ಎರಡನ್ನೂ ಬೇಕೆಂದೇ ಬಿಟ್ಟಿದ್ದೇನೆ. ಅವರ ಪಲ್ಯದ (ಸೊಪ್ಪಿನ) ವ್ಯಾಪಾರಕ್ಕೆ ನನ್ನ ಬರಹದಿಂದ ಪೆಟ್ಟು ಬೀಳಬಾರದು.

ಎರಡೂವರೆ ಎಕರೆಯಲ್ಲಿ ಕಬ್ಬು. ಅದಕ್ಕೆ ಹೊಳೆಯಿಂದ ಎತ್ತುವ ನೀರು ಪಾಳಿಯ ಮೇಲೆ ಬರುತ್ತದೆ. ಉಳಿದ 20 ಗುಂಟೆಯಲ್ಲಿ ಮೆಂತ್ಯೆ, ಪಾಲಕ, ರಾಜಗಿರಿ, ಕೊತ್ತಂಬರಿ. ಪಲ್ಯಕ್ಕೆ ಪಾಳಿ ಕಾಯಲು ಬರುವುದಿಲ್ಲ, ದಿನ ಬಿಟ್ಟು ದಿನ ನೀರು ಬೇಕು. ಹಾಗಾಗಿ ಹಳ್ಳಕ್ಕೆ ಮೋಟಾರು ಇಟ್ಟಿದ್ದರು. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ ಕೈಗೆ ಬಂದರೆ, ಮನೆಯ ವಾರದ ಖರ್ಚು ನಡೆಯುತ್ತಿದ್ದದ್ದು ಈ 20 ಗುಂಟೆಯಿಂದ. ಸಂತೆಗೆ ಒಯ್ದು ಮಾರುತ್ತಿದ್ದವರು ಮನೆಯ ಸೊಸೆ. ನನ್ನನ್ನು ಈ ಹೊಲಕ್ಕೆ ಕರೆಸಿದ್ದೂ ಅವರೇ.

ಅವರ ಮಾತು ಇದು: "ಅಣ್ಣಾ, ಈ ನೀರಿನ ಪಲ್ಯವನ್ನು ನಾನು ನನ್ನ ಮಕ್ಕಳಿಗೆ ಹಾಕುವುದಿಲ್ಲ. ಸಂತೆಯಲ್ಲಿ ಮಾತ್ರ ಮಾರುತ್ತೇನೆ. ಇದು ಎಷ್ಟು ದಿನ ನಡೆಯಬೇಕು?"

ಮಾವನವರ ಲೆಕ್ಕ ಬೇರೆ ಇತ್ತು. "ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ, ತಮ್ಮಾ. ಬಣ್ಣದ ನೀರಿಗೆ ಪಲ್ಯ ಚೆನ್ನಾಗಿಯೇ ಬರುತ್ತದೆ" ಎಂದರು. ಬಚ್ಚಲು ನೀರಿನಲ್ಲಿ ಸಾರಜನಕ, ರಂಜಕ ಎರಡೂ ಇರುವುದರಿಂದ ಬೆಳೆ ಹುಲುಸಾಗಿ ಬರುವುದು ನಿಜ. ಲೋಹ ಎಲೆಯಲ್ಲಿ ಸೇರಿದ್ದು ಕಣ್ಣಿಗೆ ಕಾಣುವುದಿಲ್ಲ ಎಂಬುದೂ ಅಷ್ಟೇ ನಿಜ. ಪಾಲಕದಂಥ ಸೊಪ್ಪುಗಳು ಕ್ಯಾಡ್ಮಿಯಂ ಅನ್ನು ಕಾಳಿನ ಬೆಳೆಗಳಿಗಿಂತ ಹೆಚ್ಚು ಹೀರುತ್ತವೆ, ಎಲೆ ಮಾತ್ರ ಹಸಿರಾಗಿಯೇ ಇರುತ್ತದೆ.

ನೀರಿನಲ್ಲಿ ಇದ್ದದ್ದು

ಮೊದಲ ಕೆಲಸ ಪರೀಕ್ಷೆ. ಲೋಹದ ಪರೀಕ್ಷೆಗೆ ನೀರು ಹಿಡಿಯುವುದರಲ್ಲಿಯೇ ಒಂದು ಕ್ರಮವಿದೆ. ಬಾಟಲಿಯನ್ನು ಆಮ್ಲದಿಂದ ತೊಳೆದಿರಬೇಕು. ನೀರು ತುಂಬಿದ ಕೂಡಲೇ ಕೆಲವು ಹನಿ ನೈಟ್ರಿಕ್ ಆಮ್ಲ ಹಾಕಿ ರಸಸಾರವನ್ನು (pH) 2ಕ್ಕಿಂತ ಕೆಳಗೆ ಇಳಿಸಬೇಕು. ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು, ವರದಿಯಲ್ಲಿ ನೀರು ಇರುವುದಕ್ಕಿಂತ ಶುದ್ಧವಾಗಿ ಕಾಣುತ್ತದೆ. ಆರು ವೇಲೆನ್ಸಿಯ ಕ್ರೋಮಿಯಂಗೆ (ಕ್ರೋಮಿಯಂನ ಹೆಚ್ಚು ವಿಷದ ರೂಪ) ಮಾತ್ರ ಆಮ್ಲ ಹಾಕದ ಬಾಟಲಿಯನ್ನು ಬೇರೆಯಾಗಿ, ತಂಪಾಗಿ ಒಯ್ಯಬೇಕು. ಹಳ್ಳದ ಬಣ್ಣ ದಿನಕ್ಕೊಂದು ಬಗೆ ಆಗುವುದರಿಂದ ಒಂದೇ ಬಾಟಲಿಯನ್ನು ನಂಬುವಂತಿರಲಿಲ್ಲ. ಬಣ್ಣದ ಮನೆಗಳು ಕೆಲಸ ಮಾಡುವ ದಿನ, ಬಿಡುವಿನ ದಿನ, ಮಳೆಯಾದ ಮರುದಿನ ಎಂದು ಬೇರೆ ಬೇರೆಯಾಗಿ ಹಿಡಿದೆವು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಪ್ರಕಟಿಸಿದ ನೀರಾವರಿ ಮಿತಿಗಳೇ ಇಂದಿಗೂ ಎಲ್ಲರೂ ಬಳಸುವ ಅಳತೆಗೋಲು. ಲೀಟರಿಗೆ ಕ್ಯಾಡ್ಮಿಯಂ 0.01 ಮಿಲಿಗ್ರಾಂ, ಕ್ರೋಮಿಯಂ 0.10, ತಾಮ್ರ 0.20, ನಿಕ್ಕಲ್ 0.20, ಸತು 2.0, ಸೀಸ 5.0. ಇವು ವರ್ಷಾನುಗಟ್ಟಲೆ ಅದೇ ನೀರು ಕಟ್ಟಿದರೂ ಮಣ್ಣು, ಬೆಳೆ ತಾಳಿಕೊಳ್ಳಲಿ ಎಂದು ಹಾಕಿದ ಮಿತಿಗಳು. ಸೀಸದ 5.0 ಎಂಬ ಅಂಕಿಯನ್ನು ಕುಡಿಯುವ ನೀರಿಗೆ ಹೊಂದಿಸಿ ನೋಡಬಾರದು. ನಮ್ಮ ಹಳ್ಳದಲ್ಲಿ ಸೀಸ, ಸತು ಮಿತಿಯೊಳಗೆ ಇದ್ದವು. ಬಣ್ಣದ ಕೆಲಸ ನಡೆದ ದಿನಗಳಲ್ಲಿ ಕ್ರೋಮಿಯಂ ಮಿತಿ ದಾಟಿತ್ತು, ತಾಮ್ರ ಮಿತಿಯ ಅಂಚಿನಲ್ಲಿ ಓಲಾಡುತ್ತಿತ್ತು.

ಇವು ಬರುವ ದಾರಿ ಗೊತ್ತಿರುವುದೇ. ಕೆಲವು ಬಣ್ಣಗಳ ಅಣುವಿನೊಳಗೇ ಲೋಹವಿದೆ: ನವಿಲು ನೀಲಿಯ ರಿಯಾಕ್ಟಿವ್ ಬಣ್ಣಗಳಲ್ಲಿ ತಾಮ್ರ, ಕೆಲವು ಕಪ್ಪು ಮತ್ತು ಕಂದು ಬಣ್ಣಗಳಲ್ಲಿ ಕ್ರೋಮಿಯಂ. ಬಣ್ಣ ಕಚ್ಚಿಸಲು ಡೈಕ್ರೋಮೇಟ್ ಬಳಸಿದರೆ ಆರು ವೇಲೆನ್ಸಿಯ ಕ್ರೋಮಿಯಂ ನೇರವಾಗಿ ನೀರಿಗೆ ಬರುತ್ತದೆ, ಕ್ರೋಮಿಯಂನ ರೂಪಗಳಲ್ಲಿ ಹೆಚ್ಚು ವಿಷವಾದದ್ದು ಅದು. ಬಣ್ಣದ ಮನೆ ನಡೆಸುವವರನ್ನು ಇಲ್ಲಿ ಖಳರಾಗಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಮನೆಯ ಹಿತ್ತಲಿನಲ್ಲಿ ಎರಡು ಹಂಡೆ ಇಟ್ಟುಕೊಂಡು, ಸೀರೆಗೆ ಇಷ್ಟು ಎಂದು ಕೂಲಿ ಪಡೆಯುವವರು ಅವರು. ಅವರ ನೀರನ್ನು ಒಂದೆಡೆ ಕೂಡಿಸಿ ಶುದ್ಧಮಾಡುವ ವ್ಯವಸ್ಥೆ ಆಗಬೇಕಾದ್ದು ಊರ ಮಟ್ಟದಲ್ಲಿ.

ಎರೆ ಮಣ್ಣಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಎರೆ ಸುಣ್ಣದ ಅಂಶವುಳ್ಳ ಕ್ಷಾರೀಯ ಮಣ್ಣು, ರಸಸಾರ ಸಾಮಾನ್ಯವಾಗಿ 8ರ ಮೇಲೆ. ಸೀಸ, ಸತು, ತಾಮ್ರ, ಕ್ಯಾಡ್ಮಿಯಂ ಇಂಥ ಮಣ್ಣಿನಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ, ಬೇರಿಗೆ ಸುಲಭವಾಗಿ ಸಿಗುವುದಿಲ್ಲ. "ಎರೆ ಎಲ್ಲವನ್ನೂ ಅರಗಿಸಿಕೊಳ್ಳುತ್ತದೆ" ಎಂಬ ನಂಬಿಕೆ ಇದರಿಂದಲೇ ಹುಟ್ಟಿರಬೇಕು. ಆದರೆ ಆರು ವೇಲೆನ್ಸಿಯ ಕ್ರೋಮಿಯಂ ಋಣ ವಿದ್ಯುದಂಶದ ಅಯಾನಾಗಿ ಇರುತ್ತದೆ, ಕ್ಷಾರೀಯ ಮಣ್ಣಿನಲ್ಲಿ ಅದು ಸಲೀಸಾಗಿ ಓಡಾಡುತ್ತದೆ. ಬೇರಿಗೂ ಹೋಗುತ್ತದೆ, ಕೆಳಗಿನ ಬಾವಿಗೂ ಇಳಿಯುತ್ತದೆ. ನಮ್ಮ ಮಣ್ಣು ತಡೆಯಲಾರದ ಲೋಹವೇ ನಮ್ಮ ಹಳ್ಳದಲ್ಲಿ ಹೆಚ್ಚಿತ್ತು.

ಗಿಡ ಲೋಹವನ್ನು ತಿನ್ನುವುದಿಲ್ಲ

ಕೃತಕ ಜೌಗುಭೂಮಿ ಎಂದ ಕೂಡಲೇ ಬಹಳ ಜನ ಊಹಿಸುವುದು ಇದನ್ನು: ಆಪು ಅಥವಾ ಜೊಂಡು ನೆಟ್ಟರೆ ಅದು ಲೋಹವನ್ನು ಹೀರುತ್ತದೆ, ಕೊಯ್ದು ಎಸೆದರೆ ಲೋಹ ಹೋಯಿತು. ಹಾಗಲ್ಲ. ಗಿಡ ಹೀರುವುದು ಒಟ್ಟು ಲೋಹದ ಸಣ್ಣ ಪಾಲು, ಅದರಲ್ಲೂ ಹೆಚ್ಚಿನದು ಬೇರಿನಲ್ಲೇ ನಿಲ್ಲುತ್ತದೆ. ಉಳಿದದ್ದೆಲ್ಲ ಕೆಸರಿನಲ್ಲಿ ಕೂಡುತ್ತದೆ.

ನೀರು ನಿಧಾನವಾದಾಗ ಮಣ್ಣಿನ ಕಣಕ್ಕೆ ಅಂಟಿದ ಲೋಹ ತಳಕ್ಕೆ ಕೂರುತ್ತದೆ. ಆಪಿನ ಬೇರು ಎಲೆಯಿಂದ ಗಾಳಿಯನ್ನು ಎಳೆದು ಕೆಸರಿಗೆ ಬಿಡುತ್ತದೆ. ಅಲ್ಲಿ ಕಬ್ಬಿಣ ತುಕ್ಕಾಗಿ ಬೇರಿನ ಸುತ್ತ ಕಟ್ಟುತ್ತದೆ, ಆ ತುಕ್ಕಿಗೆ ಬೇರೆ ಲೋಹಗಳು ಅಂಟುತ್ತವೆ. ಎರಡು ಬೆರಳು ಕೆಳಗೆ ಗಾಳಿಯಾಡದ ಕಡೆ ಇನ್ನೊಂದು ಕೆಲಸ ನಡೆಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ನೀರಿನ ಸಲ್ಫೇಟನ್ನು ಸಲ್ಫೈಡಾಗಿ ಮಾಡುತ್ತವೆ, ತಾಮ್ರ, ಸತು, ಕ್ಯಾಡ್ಮಿಯಂ ಅದರೊಂದಿಗೆ ಕೂಡಿ ಕರಗದ ಪುಡಿಯಾಗಿ ಇಳಿಯುತ್ತವೆ. ಅದೇ ಜಾಗದಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಮೂರು ವೇಲೆನ್ಸಿಗೆ ಇಳಿದು ಹೈಡ್ರಾಕ್ಸೈಡಾಗಿ ತಳ ಸೇರುತ್ತದೆ. ಇದಕ್ಕೆ ಬೇಕಾದದ್ದು ಕೊಳೆಯುವ ಸಾವಯವ ವಸ್ತು, ಸಲ್ಫೇಟು, ಸಮಯ. ನಮ್ಮಲ್ಲಿ ಮೂರಕ್ಕೂ ಬರವಿರಲಿಲ್ಲ. ಬಣ್ಣದ ಮನೆಗಳಲ್ಲಿ ನೂಲಿಗೆ ಬಣ್ಣ ಹತ್ತಲು ಸೋಡಿಯಂ ಸಲ್ಫೇಟ್ ಹಾಕುತ್ತಾರೆ, ಅದು ಹಳ್ಳದಲ್ಲಿ ಹೇರಳ. ಸಾವಯವ ವಸ್ತುವೆಂದರೆ ಕಬ್ಬಿನ ರವದಿ, ಅದನ್ನು ಈ ಭಾಗದಲ್ಲಿ ಸುಡುವವರೇ ಹೆಚ್ಚು.

ಭಾರತದಲ್ಲಿ ಈ ವಿಧಾನದ ಚೆನ್ನಾಗಿ ದಾಖಲಾದ ಉದಾಹರಣೆ ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯದು. ಅಲ್ಲಿ 1.42 ಹೆಕ್ಟೇರಿನ ಜೌಗುಭೂಮಿ ದಿನಕ್ಕೆ 22 ಲಕ್ಷ ಲೀಟರ್ ಚರಂಡಿ ನೀರನ್ನು ಶುದ್ಧಮಾಡಿ ಸಂಸ್ಥೆಯ ಹೊಲಗಳಿಗೆ ಕೊಡುತ್ತದೆ. ಮುಖ್ಯ ಗಿಡ ಆಪು. ಸೀಸ ಶೇ. 81ರಷ್ಟು, ಕಬ್ಬಿಣ ಶೇ. 99ರಷ್ಟು ಇಳಿಯುತ್ತದೆ ಎಂದು ಸಂಸ್ಥೆ ಹೇಳಿದೆ. ಒಳ್ಳೆಯ ಫಲಿತಾಂಶವೇ. ಆದರೂ ಬನಹಟ್ಟಿಯ ಹಳ್ಳಕ್ಕೆ ಅದನ್ನು ಹಾಗೆಯೇ ತಂದು ಕೂರಿಸಲು ಬರುವುದಿಲ್ಲ. ಅಲ್ಲಿ ವರ್ಷವಿಡೀ ಚರಂಡಿ ತುಂಬಿ ಹರಿಯುತ್ತದೆ, ಇಲ್ಲಿ ಏಪ್ರಿಲ್ ಬಂದರೆ ಹಳ್ಳ ಬತ್ತುತ್ತದೆ. ಈ ಒಂದು ವ್ಯತ್ಯಾಸದಿಂದಲೇ ನಮ್ಮ ಪ್ರಕರಣ ತಿರುವು ಪಡೆಯಿತು.

ಮಡಿ ಕಟ್ಟಿದ್ದು

ಪಲ್ಯದ 20 ಗುಂಟೆ ಎಂದರೆ ಸುಮಾರು 2,000 ಚದರ ಮೀಟರ್. ದಿನಕ್ಕೆ 5 ಮಿಲಿಮೀಟರ್ ನೀರು ಬೇಕೆಂದರೆ 10,000 ಲೀಟರ್. ಹಳ್ಳದ ಬದಿಯಲ್ಲಿ ಕಬ್ಬು ಸರಿಯಾಗಿ ಬಾರದ 4 ಗುಂಟೆ ಸವಳು (ಉಪ್ಪೇರಿದ) ತುಂಡು ಇತ್ತು. ಅದನ್ನೇ ಕೊಡಲು ಮಾವನವರು ಒಪ್ಪಿದರು. ಒಡ್ಡು, ದಾರಿ, ಮೊದಲ ಕೂಡುಗುಂಡಿ ಕಳೆದು ಉಳಿದದ್ದು 300 ಚದರ ಮೀಟರ್. ಒಂದರಿಂದ ಇನ್ನೊಂದಕ್ಕೆ ನೀರು ಇಳಿಯುವಂತೆ ತಲಾ 100 ಚದರ ಮೀಟರಿನ ಮೂರು ಮಡಿ ಮಾಡಿದೆವು. ನಿಂತ ನೀರು 30 ಸೆಂಟಿಮೀಟರ್. ಗಿಡಗಳ ಬುಡ ಕಾಲು ಭಾಗ ಜಾಗ ಹಿಡಿಯುತ್ತದೆ ಎಂದುಕೊಂಡರೂ ನೀರು ಆರೇಳು ದಿನ ಒಳಗೆ ಉಳಿಯುತ್ತದೆ.

ಪ್ಲಾಸ್ಟಿಕ್ ಹಾಸಲಿಲ್ಲ. ಎರೆಯನ್ನು ನೆನೆಸಿ ಎತ್ತಿನಿಂದ ತುಳಿಸಿದರೆ ಅದು ಉಬ್ಬಿ, ನೀರು ಇಳಿಯದಷ್ಟು ಬಿಗಿಯಾಗುತ್ತದೆ. ಅದರ ಮೇಲೆ ಕತ್ತರಿಸಿದ ರವದಿ, ಹಳೆಯ ತಿಪ್ಪೆಗೊಬ್ಬರ, ಮೇಲೊಂದು ಪದರ ಮಣ್ಣು. ಮುಂಗಾರು ಹಿಡಿದ ಮೇಲೆ ಅದೇ ಹಳ್ಳದ ಕೆಳಭಾಗದಿಂದ ಆಪಿನ ಗಡ್ಡೆಗಳನ್ನು ಕಿತ್ತು ತಂದು ನೆಟ್ಟೆವು. ನರ್ಸರಿಯ ಗಿಡ ಬೇಕಿರಲಿಲ್ಲ. ಈ ನೀರಿಗೆ ಒಗ್ಗಿ ಬದುಕಿದ ಗಿಡ ಅಲ್ಲಿಯೇ ಇತ್ತು. ಒಡ್ಡಿನ ಮೇಲೆ ಮಣ್ಣು ಹಿಡಿಯಲಿ ಎಂದು ಲಾವಂಚ ಹಾಕಿದೆವು. ಸೊಳ್ಳೆಯ ದೂರು ಬಂದಾಗ ಮೂರನೆಯ ಮಡಿಗೆ ಗಂಬೂಸಿಯಾ ಮೀನು ಬಿಟ್ಟೆವು, ಆ ದೂರು ಅಲ್ಲಿಗೆ ನಿಂತಿತು.

ದೀಪಾವಳಿಯ ಹೊತ್ತಿಗೆ ಆಪು ಆಳೆತ್ತರ ದಾಟಿತ್ತು. ಕ್ರೋಮಿಯಂ ಪರೀಕ್ಷೆಯ ಒಂದು ಭಾಗವನ್ನು ಹೊಲದಲ್ಲೇ ಮಾಡಬಹುದು. ನೀರಿಗೆ ಸ್ವಲ್ಪ ಆಮ್ಲ ಹಾಕಿ ಡೈಫಿನೈಲ್‌ಕಾರ್ಬಜೈಡ್ ದ್ರಾವಣ ಬಿಟ್ಟರೆ, ಆರು ವೇಲೆನ್ಸಿಯ ಕ್ರೋಮಿಯಂ ಇದ್ದಲ್ಲಿ ನೇರಳೆ ಬಣ್ಣ ಬರುತ್ತದೆ. ಬಣ್ಣದ ನೀರು ಕಣ್ಣನ್ನು ಮೋಸಗೊಳಿಸುವುದರಿಂದ, ದ್ರಾವಣ ಹಾಕದ ಅದೇ ನೀರನ್ನು ಪಕ್ಕದಲ್ಲಿ ಇಟ್ಟು ಹೋಲಿಸಬೇಕು. ಒಡ್ಡಿನ ಮೇಲೆ ಬಿಳಿ ಕಾಗದ ಹಾಸಿ ಗಾಜಿನ ನಳಿಗೆಗಳನ್ನು ಸಾಲಾಗಿ ನಿಲ್ಲಿಸಿದೆವು. ಹಳ್ಳದ ನೀರು ಒಂದೆರಡು ನಿಮಿಷದಲ್ಲಿ ನೇರಳೆಗೆ ತಿರುಗಿತು. ಮೊದಲ ಮಡಿಯದು ನಸುಗೆಂಪು. ಮೂರನೆಯ ಮಡಿಯ ನಳಿಗೆಯನ್ನು ಸೊಸೆ ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು ನೋಡಿದರು. ಬಣ್ಣ ಬರಲಿಲ್ಲ. ಪ್ರಯೋಗಾಲಯದ ವರದಿಗಳೂ ಚಳಿಗಾಲದುದ್ದಕ್ಕೂ ಅದನ್ನೇ ಹೇಳಿದವು: ಹೊರಗೆ ಬರುವ ನೀರಿನಲ್ಲಿ ಒಟ್ಟು ಕ್ರೋಮಿಯಂ, ತಾಮ್ರ ಎರಡೂ ಮಿತಿಯ ಕೆಳಗೆ.

ಬೇಸಿಗೆ

ಮಾರ್ಚ್ ಕೊನೆಗೆ ಹಳ್ಳದ ಹರಿವು ಸೊರಗಿತು. ಮೇ ತಿಂಗಳಲ್ಲಿ ಮೊದಲ ಮಡಿಯ ಅರ್ಧ ಒಣಗಿ ಬಿರುಕು ಬಿಟ್ಟಿತು. ಒದ್ದೆಯಾಗಿದ್ದಾಗ ಈ ಕೆಸರು ಕಾಡಿಗೆಯಷ್ಟು ಕಪ್ಪು. ಕಬ್ಬಿಣದ ಸಲ್ಫೈಡಿನ ಬಣ್ಣ ಅದು, ಕೆದಕಿದರೆ ಕೊಳೆತ ತತ್ತಿಯ ವಾಸನೆ. ಒಂದು ಹೆಂಟೆಯನ್ನು ಎತ್ತಿ ಬಿಸಿಲಿಗೆ ಇಟ್ಟರೆ ಮೇಲ್ಮೈ ಕೆಲವೇ ಗಂಟೆಗಳಲ್ಲಿ ಕಂದಾಗುತ್ತದೆ. ಈ ಬಣ್ಣ ಬದಲಾವಣೆಯಲ್ಲೇ ಅಪಾಯವಿದೆ. ಗಾಳಿ ತಾಗಿದ ಸಲ್ಫೈಡು ಮತ್ತೆ ಸಲ್ಫೇಟಾಗುತ್ತದೆ, ಅದರೊಂದಿಗೆ ಕಟ್ಟಿಕೊಂಡಿದ್ದ ತಾಮ್ರ, ಸತು ಬಿಡುಗಡೆಯಾಗುತ್ತವೆ. ಮೂರು ವೇಲೆನ್ಸಿಯ ಕ್ರೋಮಿಯಂ ಇಷ್ಟು ಬೇಗ ಕದಲುವುದಿಲ್ಲ, ತಾಮ್ರ ಕದಲುತ್ತದೆ. ಜೂನಿನ ಮೊದಲ ದೊಡ್ಡ ಮಳೆಗೆ ಮಡಿಯಿಂದ ಹೊರಬಿದ್ದ ನೀರಿನಲ್ಲಿ ತಾಮ್ರ, ಹಳ್ಳದ ನೀರಿನಲ್ಲಿ ಇದ್ದದ್ದಕ್ಕಿಂತ ಹೆಚ್ಚಿತ್ತು. ತಿಂಗಳುಗಟ್ಟಲೆ ಹಿಡಿದಿಟ್ಟದ್ದರ ಒಂದು ಪಾಲನ್ನು ಮಡಿ ಒಮ್ಮೆಲೇ ಕೈಬಿಟ್ಟಿತ್ತು.

ಎರೆಯ ತಳಕ್ಕೂ ಒಣಗುವುದು ಒಳ್ಳೆಯದಲ್ಲ. ಒದ್ದೆಯಿದ್ದಾಗ ಸಿಮೆಂಟಿನಂತೆ ನೀರು ತಡೆಯುವ ಅದೇ ಎರೆ, ಒಣಗಿದಾಗ ಮೊಣಕಾಲು ಆಳದ ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಆ ಬಿರುಕಿನಲ್ಲಿ ನೇರವಾಗಿ ಕೆಳಗೆ ಇಳಿಯುತ್ತದೆ.

ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಮುಟ್ಟದ ನಮ್ಮ ಜಿಲ್ಲೆಯಲ್ಲಿ ಇಂಥ ಮಡಿ ಕಟ್ಟುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವ ಗಿಡ ಎಂಬುದಲ್ಲ, ಮೇ ತಿಂಗಳಲ್ಲಿ ಇದನ್ನು ಒದ್ದೆಯಾಗಿ ಇಡಲು ನೀರು ಎಲ್ಲಿಂದ ಎಂಬುದು. ತಂಪು ನಾಡುಗಳಲ್ಲಿ ಬೆಳೆದ ಈ ತಂತ್ರವನ್ನು ನಾವು ಗಿಡದ ಪಟ್ಟಿಯೊಂದಿಗೆ ಎರವಲು ತಂದು, ಬೇಸಿಗೆಯ ಲೆಕ್ಕವನ್ನು ಬಿಟ್ಟುಬಿಡುತ್ತೇವೆ. ಎರಡನೆಯ ವರ್ಷ ಈ ಹೊಲದಲ್ಲಿ ಕಬ್ಬಿನ ಪಾಳಿಯ ನೀರಿನಲ್ಲಿ ಒಂದಷ್ಟನ್ನು ಮಡಿಗೆ ಮೀಸಲಿಟ್ಟರು. ಕೆಸರಿನ ಮೇಲೆ ನಾಲ್ಕು ಬೆರಳು ನೀರು ನಿಂತರೆ ಸಾಕು. ಮೊದಲ ಮಳೆಯ ನೀರು ಪಲ್ಯದ ಹೊಲಕ್ಕೆ ಹೋಗದೆ ಕೂಡುಗುಂಡಿಗೆ ಮರಳುವಂತೆ ಒಂದು ತೂಬನ್ನೂ ಇಟ್ಟೆವು. ತಾಮ್ರದ ಏರಿಕೆ ಮರುಕಳಿಸಲಿಲ್ಲ.

ಉಪ್ಪು

ಲೋಹಕ್ಕೆ ದಾರಿ ಸಿಕ್ಕಿದ ಮೇಲೂ ಉಪ್ಪು ಉಳಿಯಿತು. ಸೋಡಿಯಂ ಸಲ್ಫೈಡಾಗಿ ಇಳಿಯುವುದಿಲ್ಲ, ತುಕ್ಕಿಗೂ ಅಂಟುವುದಿಲ್ಲ. ಜೌಗುಭೂಮಿ ಅದನ್ನು ತಡೆಯದು, ಬೇಸಿಗೆಯಲ್ಲಿ ಇನ್ನಷ್ಟು ಗಟ್ಟಿ ಮಾಡುತ್ತದೆ. ದಿನಕ್ಕೆ 9 ಮಿಲಿಮೀಟರ್ ಆವಿಯಾದರೆ 300 ಚದರ ಮೀಟರಿನಿಂದ 2,700 ಲೀಟರ್ ಹೋಯಿತು. 10,000 ಲೀಟರ್ ಒಳಗೆ ಬಿಟ್ಟರೆ ಹೊರಗೆ ಬರುವುದು 7,300. ಉಪ್ಪು ಮಾತ್ರ ಅಷ್ಟೇ. ನೀರಿನ ಉಪ್ಪನ್ನು ತೋರಿಸುವ ವಿದ್ಯುತ್ ವಾಹಕತೆ ಮೀಟರಿಗೆ 2.2 ಡೆಸಿಸೀಮನ್ಸ್ ಇದ್ದ ನೀರು 3.0 ಆಗುತ್ತದೆ. ಅದೇ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಲ್ಲಿ ತೀವ್ರ ನಿರ್ಬಂಧ ಶುರುವಾಗುವುದು 3.0ರ ಮೇಲೆ.

ಕೃಷ್ಣಾ, ಘಟಪ್ರಭಾ ತೀರದಲ್ಲಿ ಸವಳು-ಜವಳಿಗೆ ಹೋದ, ಎಂದರೆ ಉಪ್ಪೇರಿ ನೀರು ನಿಂತು ಕೆಟ್ಟ ಹೊಲಗಳನ್ನು ನೋಡಿದ ಯಾರಿಗೂ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಲೋಹ ತೆಗೆದ ನೀರನ್ನೇ ಕಟ್ಟಿ ಹೊಲವನ್ನು ಸವಳಿಗೆ ಕಳೆದುಕೊಂಡರೆ ಆ ಕುಟುಂಬಕ್ಕೆ ಸಿಕ್ಕಿದ್ದೇನು? ಹಾಗಾಗಿ ಫೆಬ್ರವರಿಯ ನಂತರ ಮಡಿಯ ನೀರನ್ನು ಪಲ್ಯಕ್ಕೆ ಕಟ್ಟಬೇಡಿ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಸಂತೆಯ ಗಳಿಕೆ ಮೂರು ತಿಂಗಳು ನಿಲ್ಲುತ್ತದೆ ಎಂಬುದು ಗೊತ್ತಿದ್ದೇ ಹೇಳಿದ ಮಾತು ಅದು. ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಕೊನೆಗೆ 20 ಗುಂಟೆಯಲ್ಲಿ ಅರ್ಧಕ್ಕೆ ಹತ್ತಿ, ಕಾಲು ಭಾಗಕ್ಕೆ ದಸರಾ-ದೀಪಾವಳಿಗೆ ಬರುವಂತೆ ಚೆಂಡುಹೂ, ಉಳಿದ ಐದು ಗುಂಟೆಯಲ್ಲಿ ಮಾತ್ರ ಮಳೆಗಾಲ ಮತ್ತು ಚಳಿಗಾಲದ ಪಲ್ಯ ಎಂದು ನಿಶ್ಚಯಿಸಿದರು. ಹೊಲಕ್ಕೆ ಜಿಪ್ಸಂ ಹಾಕಿದರು, ಬಸಿಗಾಲುವೆ ತೆಗೆದರು. ಆ ಐದು ಗುಂಟೆಯ ಪಲ್ಯ ಈಗ ಮನೆಯ ಅಡುಗೆಗೂ ಹೋಗುತ್ತದೆ.

ಕೆಸರು ಯಾರದು?

ಹಳ್ಳದ ನೀರಿನಲ್ಲಿ ಲೀಟರಿಗೆ 0.3 ಮಿಲಿಗ್ರಾಂ ಕ್ರೋಮಿಯಂ ಇದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ದಿನಕ್ಕೆ 10,000 ಲೀಟರ್ ಎಂದರೆ 3 ಗ್ರಾಂ, ವರ್ಷಕ್ಕೆ ಒಂದು ಕಿಲೋಗಿಂತ ತುಸು ಹೆಚ್ಚು. ಮಡಿ ಇಲ್ಲದಿದ್ದರೆ ಇದು 20 ಗುಂಟೆಯ ಮೇಲ್ಮಣ್ಣಿನಲ್ಲಿ, ಸುಮಾರು 400 ಟನ್ ಮಣ್ಣಿನಲ್ಲಿ ಹರಡುತ್ತಿತ್ತು: ಕಿಲೋ ಮಣ್ಣಿಗೆ ವರ್ಷಕ್ಕೆ 3 ಮಿಲಿಗ್ರಾಂ ಹತ್ತಿರ. ಕಣ್ಣಿಗೆ ಬೀಳದಷ್ಟು ಸಣ್ಣದು, ಆದರೆ ಮತ್ತೆ ಹೆಕ್ಕಿ ತೆಗೆಯಲಾಗದು. ಮಡಿ ಇದ್ದಾಗ ಅದರ ಬಹುಪಾಲು ಮೊದಲ ಮಡಿಯ ಹತ್ತು ಸೆಂಟಿಮೀಟರ್ ಕೆಸರಿನಲ್ಲಿ ಕೂಡುತ್ತದೆ, ಅಲ್ಲಿ ಕಿಲೋಗೆ ವರ್ಷಕ್ಕೆ 70ರಿಂದ 90 ಮಿಲಿಗ್ರಾಂ ಏರುತ್ತದೆ. ಹರಡುವ ವಿಷವನ್ನು ಒಂದೆಡೆ ಕೂಡಿಸುವುದೇ ಈ ತಂತ್ರದ ಸಾಮರ್ಥ್ಯ. ಅದಕ್ಕಾಗಿಯೇ ನಾನು ಇದರ ಪರ.

ಆದರೆ ಕೂಡಿಸಿದ್ದನ್ನು ಯಾರೋ ಒಬ್ಬರು ಎತ್ತಬೇಕು. ಏಳೆಂಟು ವರ್ಷಕ್ಕೆ ಮೊದಲ ಮಡಿಯ ಕೆಸರನ್ನು ತೆಗೆಯಬೇಕಾಗುತ್ತದೆ. ಅದನ್ನು ತಿಪ್ಪೆಗೆ ಹಾಕುವಂತಿಲ್ಲ, ಹೊಲಕ್ಕೆ ಚೆಲ್ಲುವಂತಿಲ್ಲ. ಮೊದಲು ಅದರಿಂದ ಎಷ್ಟು ಲೋಹ ಬಸಿಯುತ್ತದೆ ಎಂದು ಪರೀಕ್ಷಿಸಬೇಕು. ಅಪಾಯಕಾರಿ ಎಂದು ಕಂಡುಬಂದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅಧಿಕೃತ ವಿಲೇವಾರಿ ತಾಣಕ್ಕೇ ಹೋಗಬೇಕು. ಬೆಂಗಳೂರು ಬಳಿಯ ದಾಬಸ್‌ಪೇಟೆಯ ತಾಣ ಬನಹಟ್ಟಿಯಿಂದ 400 ಕಿಲೋಮೀಟರಿಗೂ ದೂರ. ಮೂರು ಎಕರೆಯ ರೈತ ತಾನು ಮಾಡದ ಮಾಲಿನ್ಯದ ಲಾರಿ ಬಾಡಿಗೆಯನ್ನು ತಾನೇ ಕೊಡಬೇಕೆ?

ಕೊಯ್ದ ಆಪಿನ ವಿಷಯದಲ್ಲೂ ಎಚ್ಚರ ತಪ್ಪಬಾರದು. ಮೇವಿನ ಬರದ ತಿಂಗಳುಗಳಲ್ಲಿ ಹಸಿರಾಗಿ ಕಾಣುವುದು ಈ ಮಡಿ ಒಂದೇ. ಒಮ್ಮೆ ಪಕ್ಕದ ಹೊಲದವರ ಎಮ್ಮೆ ಒಡ್ಡು ಇಳಿದು ಅರ್ಧ ಮಡಿ ಮೇಯ್ದಿತ್ತು. ಎಲೆಯಲ್ಲಿ ಲೋಹ ಕಡಿಮೆಯೆಂದು ಗೊತ್ತಿದ್ದರೂ ಆ ಕಡಿಮೆಯನ್ನು ಹಾಲಿಗೆ ಸೇರಿಸುವ ಹಕ್ಕು ನಮಗಿಲ್ಲ. ಈಗ ಸುತ್ತಲೂ ಮುಳ್ಳುತಂತಿ ಇದೆ. ಕೊಯ್ದದ್ದನ್ನು ಕತ್ತರಿಸಿ ಅದೇ ಮಡಿಯ ಕೆಸರಿಗೆ ಹಾಕುತ್ತಾರೆ, ಬ್ಯಾಕ್ಟೀರಿಯಾಗಳಿಗೆ ಅದು ಆಹಾರವಾಗುತ್ತದೆ.

ಮೇಲಿನ ಹೊಲದವರು ಇಬ್ಬರು ತಮ್ಮಲ್ಲೂ ಇಂಥ ಮಡಿ ಮಾಡಿಕೊಡಿ ಎಂದು ಕೇಳುತ್ತಿದ್ದಾರೆ. ಒಬ್ಬರಿಗೆ ಹೂಂ ಎಂದಿದ್ದೇನೆ, ಅವರಿಗೆ ಬೇಸಿಗೆಯಲ್ಲೂ ನೀರಿರುವ ಬಾವಿಯಿದೆ. ಇನ್ನೊಬ್ಬರಿಗೆ ಮೇ ತಿಂಗಳ ನೀರಿನ ದಾರಿ ಇಲ್ಲ. ಅವರಿಗೆ ಮಡಿ ಬೇಡ, ಸದ್ಯಕ್ಕೆ ಹಳ್ಳದ ನೀರಿನಲ್ಲಿ ಸೊಪ್ಪು ಬೆಳೆಯುವುದನ್ನು ಬಿಟ್ಟು ಹತ್ತಿ ಹಾಕಿ ಎಂದಿದ್ದೇನೆ. ಇದರ ಜೊತೆಗೆ ದಂಡೆಯ ರೈತರೂ ಬಣ್ಣದ ಮನೆಯವರೂ ಸೇರಿ ಒಂದು ಮನವಿ ಬರೆದಿದ್ದಾರೆ: ಬಣ್ಣದ ನೀರಿಗೆ ಬಚ್ಚಲು ನೀರಿನೊಂದಿಗೆ ಬೆರೆಯದ ಪ್ರತ್ಯೇಕ ಕೊಳವೆ, ಊರ ಹೊರಗೆ ಒಂದು ಸಾಮೂಹಿಕ ಶುದ್ಧೀಕರಣ ತೊಟ್ಟಿ, ಮತ್ತು ರೈತರ ಮಡಿಗಳ ಕೆಸರನ್ನು ಸಾರ್ವಜನಿಕ ಖರ್ಚಿನಲ್ಲಿ ಎತ್ತುವ ವ್ಯವಸ್ಥೆ. ಮೂರನೆಯ ಬೇಡಿಕೆಯನ್ನು ಸೇರಿಸಲು ಹಟ ಹಿಡಿದವರು ಆ ಮನೆಯ ಮಾವನವರು.